ಯುಎಇಯಲ್ಲಿ ವೀಸಾ ಸ್ಟ್ಯಾಂಪ್ ಆಗುವ ಮೊದಲೇ ಕಂಪನಿ ಬದಲಿಸಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ದುಬೈ, ಶಾರ್ಜಾ, ಅಬುಧಾಬಿಗೆ ಹೊರಟವರು ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲಿ: ಒಂದು ಕಂಪನಿ ವೀಸಾ ಕೆಲಸ ಶುರು ಮಾಡಿರುತ್ತದೆ, ಅದು ಮುಗಿಯುವ ಮೊದಲೇ ಇನ್ನೊಂದು ಕಂಪನಿಯಿಂದ ಒಳ್ಳೆಯ ಸಂಬಳದ ಕರೆ ಬರುತ್ತದೆ. ಬದಲಿಸಲು ದಾರಿ ಖಂಡಿತ ಇದೆ. ಆದರೆ ಹಳೆಯ ಫೈಲು ಮುಚ್ಚದೆ ಹೊಸದನ್ನು ತೆರೆಯಲು ಹೋದರೆ ಎರಡೂ ಕೈತಪ್ಪುತ್ತವೆ. ಈ ಪುಟದ ಉತ್ತರಗಳೆಲ್ಲ ಆ ಒಂದು ವಿಷಯದ ಸುತ್ತ ಇವೆ.

ಇಲ್ಲಿ ಹೇಳಿರುವುದು ಖಾಸಗಿ ಕಂಪನಿಗಳ ಕೆಲಸಗಾರರಿಗೆ ಅನ್ವಯಿಸುವ 2021ರ 33ನೇ ಫೆಡರಲ್ ಕಾನೂನಿನ ಪ್ರಕಾರ. ಇದು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ದುಬೈನ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಎಂಬ ಹಣಕಾಸು ವಲಯಗಳಿಗೆ ಅವುಗಳದೇ ಉದ್ಯೋಗ ಕಾನೂನು ಇದೆ. ಮನೆಗೆಲಸದವರು, ಮನೆಯ ಡ್ರೈವರ್‌ಗಳು 2022ರ 9ನೇ ಕಾನೂನಿನ ಅಡಿ ಬರುತ್ತಾರೆ. ಅವರು ಈ ಪುಟವನ್ನು ನೆಚ್ಚಿಕೊಳ್ಳಬೇಡಿ.

ನನ್ನ ವೀಸಾ ಈಗ ಯಾವ ಹಂತದಲ್ಲಿದೆ ಎಂದು ತಿಳಿಯುವುದು ಹೇಗೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಇದು, ಏಕೆಂದರೆ ಮುಂದಿನ ಉತ್ತರಗಳೆಲ್ಲ ಹಂತಕ್ಕೆ ತಕ್ಕಂತೆ ಬದಲಾಗುತ್ತವೆ. ಸಾಮಾನ್ಯವಾಗಿ ಕೆಲಸ ಹೀಗೆ ಸಾಗುತ್ತದೆ. ಕಂಪನಿ ಕಾರ್ಮಿಕ ಸಚಿವಾಲಯದ, ಅಂದರೆ ಮೊಹ್ರೆಯ ನಮೂನೆಯಲ್ಲಿ ಆಫರ್ ಲೆಟರ್ ತೆಗೆದು ನಿಮ್ಮ ಸಹಿ ಪಡೆಯುತ್ತದೆ. ಅದರ ಮೇಲೆ ವರ್ಕ್ ಪರ್ಮಿಟ್‌ಗೆ ಒಪ್ಪಿಗೆ ಸಿಗುತ್ತದೆ. ಆಮೇಲೆ ವಲಸೆ ಇಲಾಖೆಯಿಂದ ಎಂಟ್ರಿ ಪರ್ಮಿಟ್ ಬರುತ್ತದೆ. ದುಬೈ ಫೈಲಾದರೆ ಅಲ್ಲಿನ ಜಿಡಿಆರ್‌ಎಫ್‌ಎ, ಉಳಿದ ಎಮಿರೇಟ್‌ಗಳದ್ದಾದರೆ ಐಸಿಪಿ ಇದನ್ನು ಕೊಡುತ್ತದೆ. ನೀವು ದೇಶದೊಳಗೆ ಬಂದ ಮೇಲೆ, ಅಥವಾ ವಿಸಿಟ್ ವೀಸಾದಲ್ಲಿ ಒಳಗೇ ಇದ್ದರೆ ಸ್ಟೇಟಸ್ ಚೇಂಜ್ (ದೇಶ ಬಿಡದೆಯೇ ವೀಸಾದ ಬಗೆ ಬದಲಿಸುವುದು) ಆದ ಮೇಲೆ, ಮೆಡಿಕಲ್, ಎಮಿರೇಟ್ಸ್ ಐಡಿಯ ಬೆರಳಚ್ಚು, ಲೇಬರ್ ಕಾಂಟ್ರಾಕ್ಟ್, ಕೊನೆಗೆ ರೆಸಿಡೆನ್ಸ್, ಅಂದರೆ ಅಲ್ಲಿ ವಾಸಿಸುವ ಅನುಮತಿ. ‘ಸ್ಟ್ಯಾಂಪಿಂಗ್’ ಎಂಬ ಮಾತು ಈಗಲೂ ಬಳಕೆಯಲ್ಲಿದೆ, ಆದರೆ 2022ರಿಂದ ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಅಂಟಿಸುವುದಿಲ್ಲ. ಎಮಿರೇಟ್ಸ್ ಐಡಿ ಕಾರ್ಡೇ ರೆಸಿಡೆನ್ಸ್‌ನ ದಾಖಲೆ.

ಪಿಆರ್‌ಒ, ಅಂದರೆ ಕಂಪನಿಯ ವೀಸಾ ಕಾಗದಗಳನ್ನು ನೋಡಿಕೊಳ್ಳುವವರು, ‘ಪ್ರೊಸೆಸ್‌ನಲ್ಲಿದೆ’ ಎಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಎಂಟ್ರಿ ಪರ್ಮಿಟ್ ಹಾಳೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ಮೂರು ಸಂಗತಿ ನೋಡಿ: ಫೈಲ್ ನಂಬರು, ಯುಐಡಿ ಅಥವಾ ಯೂನಿಫೈಡ್ ನಂಬರು, ಮತ್ತು ತಾರೀಖುಗಳು. ಫೈಲ್ ನಂಬರು 201ರಿಂದ ಶುರುವಾದರೆ ದುಬೈ, 101 ಅಬುಧಾಬಿ, 301 ಶಾರ್ಜಾ. ಅದಕ್ಕೆ ತಕ್ಕಂತೆ ಜಿಡಿಆರ್‌ಎಫ್‌ಎ ಅಥವಾ ಐಸಿಪಿ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ವಿವರ ಹಾಕಿ ಫೈಲಿನ ಸ್ಥಿತಿಯನ್ನು ನೀವೇ ನೋಡಬಹುದು. ಯುಐಡಿ ನಂಬರು ಕಂಪನಿ ಬದಲಾದರೂ ನಿಮ್ಮದಾಗಿಯೇ ಉಳಿಯುತ್ತದೆ, ಹಾಗಾಗಿ ಬರೆದಿಟ್ಟುಕೊಳ್ಳಿ. ಆಫರ್ ಲೆಟರ್ ಮತ್ತು ವರ್ಕ್ ಪರ್ಮಿಟ್ ಅಸಲಿಯೇ ಎಂಬುದನ್ನು ಮೊಹ್ರೆಯ ಸೈಟಿನ ವಿಚಾರಣಾ ವಿಭಾಗದಲ್ಲಿ ನೋಡಬಹುದು.

ಆಫರ್ ಲೆಟರ್‌ಗೆ ಸಹಿ ಹಾಕಿದ್ದೇನೆ, ಊರಲ್ಲೇ ಇದ್ದೇನೆ. ಬೇಡ ಎನ್ನಬಹುದೆ?

ಹೇಳಬಹುದು. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಸಲೀಸು. ವರ್ಕ್ ಪರ್ಮಿಟ್‌ನ ಶುಲ್ಕ ಕಟ್ಟುವ ಮೊದಲೇ ತಿಳಿಸಿದರೆ ಕಂಪನಿಗೂ ನಷ್ಟವಿಲ್ಲ, ಜಗಳಕ್ಕೂ ಕಾರಣವಿಲ್ಲ. ಆದರೆ ಫೋನಿನಲ್ಲಿ ಹೇಳಿ ಬಿಡಬೇಡಿ. ಇಮೇಲ್ ಕಳಿಸಿ. ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರು, ಆಫರ್ ಲೆಟರ್‌ನ ತಾರೀಖು ಮತ್ತು ನಂಬರು, ‘ಈ ಹುದ್ದೆಗೆ ನಾನು ಸೇರುವುದಿಲ್ಲ, ನನ್ನ ಹೆಸರಿನಲ್ಲಿರುವ ವರ್ಕ್ ಪರ್ಮಿಟ್ ಅರ್ಜಿಯನ್ನು ರದ್ದು ಮಾಡಿ ಅದರ ಪ್ರತಿ ಕಳಿಸಿ’ ಎಂಬ ಎರಡು ಸಾಲು, ಇಷ್ಟು ಸಾಕು. ಕಾರಣ ವಿವರಿಸುವ ಅಗತ್ಯವಿಲ್ಲ. ಹೊಸ ಕಂಪನಿಯ ಹೆಸರನ್ನಂತೂ ಬರೆಯಲೇಬೇಡಿ.

ಉತ್ತರ ಬರದಿದ್ದರೆ ಐದಾರು ದಿನ ಬಿಟ್ಟು ಅದೇ ಇಮೇಲಿನ ಕೆಳಗೆ ಇನ್ನೊಮ್ಮೆ ಕೇಳಿ. ಮುಂದೆ ಸಚಿವಾಲಯಕ್ಕೆ ದೂರು ಕೊಡಬೇಕಾಗಿ ಬಂದರೆ ಈ ಪತ್ರವೇ ನಿಮ್ಮ ಸಾಕ್ಷಿ.

ಎಂಟ್ರಿ ಪರ್ಮಿಟ್ ಬಂದಾಗಿದೆ, ಆದರೆ ವಿಮಾನ ಹತ್ತಿಲ್ಲ. ಅವಧಿ ಮುಗಿದರೆ ತಾನಾಗಿಯೇ ರದ್ದಾಗುತ್ತದಲ್ಲವೆ?

ಹಾಗೆಂದುಕೊಂಡೇ ಬಹಳ ಜನ ಸುಮ್ಮನೆ ಕೂರುತ್ತಾರೆ. ಕೆಲಸದ ಎಂಟ್ರಿ ಪರ್ಮಿಟ್ ಕೊಟ್ಟ ದಿನದಿಂದ 60 ದಿನದೊಳಗೆ ದೇಶ ಪ್ರವೇಶಿಸಬೇಕು. ಆ ದಿನ ದಾಟಿದರೆ ಅದರ ಮೇಲೆ ಪ್ರವೇಶ ಸಿಗುವುದಿಲ್ಲ, ನಿಜ. ಆದರೆ ಮೊಹ್ರೆಯಲ್ಲಿ ವರ್ಕ್ ಪರ್ಮಿಟ್ ಒಂದು ದಾಖಲೆ, ವಲಸೆ ಇಲಾಖೆಯಲ್ಲಿ ಎಂಟ್ರಿ ಪರ್ಮಿಟ್ ಇನ್ನೊಂದು ದಾಖಲೆ. ಎರಡೂ ಬೇರೆ ಬೇರೆ ಕಡೆ ರದ್ದಾಗಬೇಕು. ಒಂದು ರದ್ದಾಗಿ ಇನ್ನೊಂದು ಹಾಗೇ ಉಳಿದರೆ, ಹೊಸ ಕಂಪನಿಯವರು ನಿಮ್ಮ ಪಾಸ್‌ಪೋರ್ಟ್ ನಂಬರು ಹಾಕಿದಾಗ ಹಳೆಯ ಫೈಲು ಎದ್ದು ಬಂದು ಅರ್ಜಿ ನಿಲ್ಲುತ್ತದೆ.

ಈ ರದ್ದತಿಯನ್ನು ನೀವೇ ಮಾಡಲು ಬರುವುದಿಲ್ಲ. ಅರ್ಜಿ ಹಾಕಿದ ಕಂಪನಿಯೇ ಮಾಡಬೇಕು. ಆದ್ದರಿಂದ ಹಳೆಯ ಕಂಪನಿಯೊಂದಿಗೆ ಮುನಿಸು ಕಟ್ಟಿಕೊಳ್ಳದೆ ಇಮೇಲ್‌ನಲ್ಲಿ ಎರಡನ್ನೂ ಹೆಸರಿಸಿ ಕೇಳಿ: ‘ವರ್ಕ್ ಪರ್ಮಿಟ್ ರದ್ದತಿ ಮತ್ತು ಎಂಟ್ರಿ ಪರ್ಮಿಟ್ ರದ್ದತಿ, ಎರಡರ ಪ್ರತಿಯೂ ಬೇಕು.’ ಎರಡು ಹಾಳೆ ಕೈಗೆ ಬಂದ ಮೇಲೆ ಹೊಸ ಕಂಪನಿಗೆ ‘ಈಗ ಅರ್ಜಿ ಹಾಕಿ’ ಎನ್ನಿ.

ಒಂದು ಎಚ್ಚರಿಕೆ. ಹಳೆಯ ಕಂಪನಿಯ ಎಂಟ್ರಿ ಪರ್ಮಿಟ್‌ನಲ್ಲೇ ಹೋಗಿ, ಇಳಿದ ಮೇಲೆ ಹೊಸ ಕಂಪನಿಗೆ ಸೇರಿಕೊಳ್ಳಿ ಎಂದು ಸಲಹೆ ಕೊಡುವ ಏಜೆಂಟರಿದ್ದಾರೆ. ಟಿಕೆಟ್ ಹಣ ಉಳಿಯುತ್ತದೆ ಎಂಬ ಆಸೆಗೆ ಬೀಳಬೇಡಿ. ಇಳಿದ ಕ್ಷಣದಿಂದ ನೀವು ಹಳೆಯ ಕಂಪನಿಯ ಹೊಣೆಯಲ್ಲಿರುವವರು. ಊರಲ್ಲಿ ಕೂತು ಒಂದು ಇಮೇಲಿನಲ್ಲಿ ಮುಗಿಯುತ್ತಿದ್ದುದು ಅಲ್ಲಿ ನೋಟಿಸ್, ಪರಿಹಾರ, ದೂರು ಎಂದು ಬೆಳೆಯುತ್ತದೆ.

ನನ್ನದು ಇಸಿಆರ್ ಪಾಸ್‌ಪೋರ್ಟ್. ಕಂಪನಿ ಬದಲಾದರೆ ಭಾರತದ ಕಡೆ ಏನಾದರೂ ಮಾಡಬೇಕೆ?

ಮಾಡಬೇಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು ಎಂಬ ಗುರುತು, ಇರುತ್ತದೆ. ಕೆಲಸಕ್ಕೆಂದು ಯುಎಇಗೆ ಹೊರಡಲು ಅಂಥವರಿಗೆ 1983ರ ಎಮಿಗ್ರೇಷನ್ ಕಾಯ್ದೆಯಡಿ ಕ್ಲಿಯರೆನ್ಸ್ ಬೇಕು. ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗುವ ಈ ಕ್ಲಿಯರೆನ್ಸ್ ನಿಮ್ಮ ಹೆಸರಿಗೆ ಮಾತ್ರವಲ್ಲ, ಆ ಕಂಪನಿಗೂ ಆ ಕರಾರಿಗೂ ಸೇರಿ ಆಗಿರುತ್ತದೆ. ಹೊರಡುವ ಮೊದಲೇ ಕಂಪನಿ ಬದಲಾದರೆ ಹಳೆಯ ಕ್ಲಿಯರೆನ್ಸ್ ಉಪಯೋಗಕ್ಕೆ ಬರುವುದಿಲ್ಲ. ಹೊಸ ಕಂಪನಿಯ ಹೆಸರಿನಲ್ಲಿ ಮತ್ತೆ ಮಾಡಿಸಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲೇ ತಡೆಯುತ್ತಾರೆ.

ಇದರ ಜೊತೆ ಮಾಡಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಹಾಗಲ್ಲ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಪರಿಹಾರ. ಅಲ್ಲಿ ಹೋದ ಮೇಲೆ ಕಂಪನಿ ಬದಲಾದರೂ ಅವಧಿ ಮುಗಿಯುವವರೆಗೆ ಪಾಲಿಸಿ ಜೀವಂತವಾಗಿರುತ್ತದೆ. ಪಾಲಿಸಿಯ ಪ್ರತಿ ಮನೆಯವರ ಹತ್ತಿರ ಇರಲಿ.

ಏಜೆಂಟರ ವಿಷಯಕ್ಕೆ ಬಂದರೆ, ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕಂಪನಿ ಬದಲಾಯಿತೆಂದು ಲಕ್ಷಗಟ್ಟಲೆ ಕೇಳಿದರೆ ಅದು ಕಾನೂನುಬಾಹಿರ. ರಸೀದಿ ಕೇಳಿ, ಇ-ಮೈಗ್ರೇಟ್‌ನಲ್ಲಿ ಅವರ ನೋಂದಣಿ ನೋಡಿ.

ದುಬೈಗೆ ಬಂದಿದ್ದೇನೆ. ಮೆಡಿಕಲ್ ಆಗಿದೆ, ಎಮಿರೇಟ್ಸ್ ಐಡಿ ಬಂದಿಲ್ಲ. ಈಗ ಬದಲಿಸಬಹುದೆ?

ಬದಲಿಸಬಹುದು, ಆದರೆ ಗಡಿಯಾರ ಓಡುತ್ತಿರುತ್ತದೆ. ಪ್ರವೇಶಿಸಿದ ದಿನದಿಂದ 60 ದಿನದೊಳಗೆ ರೆಸಿಡೆನ್ಸ್ ಕೆಲಸ ಮುಗಿಯಬೇಕು. ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಹಳೆಯದು ರದ್ದಾಗಿ ಹೊಸದು ಆಗುವುದು ಈ ದಿನಗಳ ಲೆಕ್ಕದೊಳಗೆ ಬರಬೇಕು.

ಕ್ರಮ ಹೀಗಿರಲಿ. ಹೊಸ ಕಂಪನಿಯಿಂದ ಮೊದಲು ಲಿಖಿತ ಆಫರ್ ಪಡೆಯಿರಿ. ಬಾಯಿಮಾತಿನ ಭರವಸೆ ನಂಬಿ ರಾಜೀನಾಮೆ ಕೊಟ್ಟರೆ ನಡುನೀರಿನಲ್ಲಿ ನಿಲ್ಲುತ್ತೀರಿ. ವರ್ಕ್ ಪರ್ಮಿಟ್ ಕೋಟಾ, ಅಂದರೆ ಇನ್ನೊಬ್ಬರನ್ನು ತೆಗೆದುಕೊಳ್ಳಲು ಅವಕಾಶ, ಇದೆಯೆ ಎಂದು ಹೊಸ ಕಂಪನಿಯ ಪಿಆರ್‌ಒನನ್ನು ನೇರವಾಗಿ ಕೇಳಿ. ಸಂದರ್ಶನ ಮಾಡಿದ ಮ್ಯಾನೇಜರ್‌ಗೆ ಇದು ಗೊತ್ತೇ ಇರುವುದಿಲ್ಲ. ಆಮೇಲೆ ಹಳೆಯ ಕಂಪನಿಗೆ ಲಿಖಿತ ನೋಟಿಸ್ ಕೊಡಿ. ನೋಟಿಸ್ ಮುಗಿದ ಮೇಲೆ ಅವರು ಮೊಹ್ರೆಯಲ್ಲೂ ವಲಸೆ ಇಲಾಖೆಯಲ್ಲೂ ರದ್ದು ಮಾಡುತ್ತಾರೆ. ರದ್ದಾದ ಹಾಳೆಯ ಮೇಲೆ ನೀವು ಯಾವ ತಾರೀಖಿನವರೆಗೆ ದೇಶದಲ್ಲಿರಬಹುದು ಎಂದು ಬರೆದಿರುತ್ತದೆ. ಗೆಳೆಯರು ಹೇಳುವ ದಿನಗಳ ಲೆಕ್ಕ ಬಿಟ್ಟು ಆ ತಾರೀಖನ್ನೇ ನಂಬಿ. ಆ ಅವಧಿಯೊಳಗೆ ಹೊಸ ಕಂಪನಿ ಎಂಟ್ರಿ ಪರ್ಮಿಟ್ ತೆಗೆದು ಸ್ಟೇಟಸ್ ಚೇಂಜ್ ಮಾಡಿಸಿದರೆ ದೇಶ ಬಿಟ್ಟು ಹೋಗಿ ಬರುವ ಅಗತ್ಯವಿರುವುದಿಲ್ಲ.

ಸ್ಟ್ಯಾಂಪಿಂಗ್ ಆಗಲು ಮೂರು ನಾಲ್ಕು ದಿನವಷ್ಟೇ ಬಾಕಿ ಎನ್ನುವ ಸ್ಥಿತಿಯಲ್ಲಿದ್ದರೆ ಅದನ್ನು ಮುಗಿಸಿಯೇ ಬದಲಿಸುವುದು ಎಷ್ಟೋ ಸಲ ಸುಲಭ. ರೆಸಿಡೆನ್ಸ್ ಇದ್ದವರ ರದ್ದತಿಯ ದಾರಿ ಸರ್ಕಾರಿ ಅರ್ಜಿ ತುಂಬಿಕೊಡುವ ಎಲ್ಲ ಟೈಪಿಂಗ್ ಸೆಂಟರ್‌ಗಳಿಗೂ ಚೆನ್ನಾಗಿ ಗೊತ್ತು. ಅರ್ಧ ಆದ ಫೈಲಿನಲ್ಲಿ ಯಾವುದನ್ನು ಮೊದಲು ರದ್ದು ಮಾಡಬೇಕೆಂಬ ಗೊಂದಲದಲ್ಲೇ ವಾರ ಕಳೆದುಹೋಗುತ್ತದೆ.

ನೋಟಿಸ್ ಎಷ್ಟು ದಿನ?

ಕೆಲಸ ಶುರು ಮಾಡಿದ್ದರೆ ನೀವು ಪ್ರೊಬೇಷನ್‌ನಲ್ಲಿದ್ದೀರಿ. ಅದು ಹೆಚ್ಚೆಂದರೆ 6 ತಿಂಗಳು. ಈ ಅವಧಿಯಲ್ಲಿ ಯುಎಇಯೊಳಗೇ ಇನ್ನೊಂದು ಕಂಪನಿಗೆ ಹೋಗುವುದಾದರೆ ಕನಿಷ್ಠ ಒಂದು ತಿಂಗಳು ಮೊದಲು ಬರವಣಿಗೆಯಲ್ಲಿ ತಿಳಿಸಬೇಕು. ದೇಶವನ್ನೇ ಬಿಟ್ಟು ಊರಿಗೆ ಹೋಗುವುದಾದರೆ 14 ದಿನ. ಕಂಪನಿಯೇ ನಿಮ್ಮನ್ನು ತೆಗೆಯುವುದಾದರೂ 14 ದಿನ. ನೋಟಿಸ್ ಕೊಡದೆ ಬಿಟ್ಟವರು, ಅದು ಕಂಪನಿಯಾಗಿರಲಿ ಕೆಲಸಗಾರನಾಗಿರಲಿ, ಆ ದಿನಗಳ ಸಂಬಳಕ್ಕೆ ಸಮನಾದ ಮೊತ್ತವನ್ನು ಎದುರು ಪಕ್ಷಕ್ಕೆ ಕೊಡಬೇಕು.

ಊರಿಗೆ ಹೋಗುತ್ತೇನೆಂದು 14 ದಿನದ ನೋಟಿಸ್ ಕೊಟ್ಟು, ಮಂಗಳೂರಿಗೆ ಬಂದು, ಮುಂದಿನ ತಿಂಗಳೇ ಹೊಸ ಕಂಪನಿಯ ಪರ್ಮಿಟ್‌ನಲ್ಲಿ ವಾಪಸ್ ಹೋಗುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಕಾನೂನು ಬರೆದವರೂ ಅದನ್ನು ಯೋಚಿಸಿದ್ದಾರೆ. ಹೊರಟ ದಿನದಿಂದ 3 ತಿಂಗಳೊಳಗೆ ಹೊಸ ವರ್ಕ್ ಪರ್ಮಿಟ್ ಪಡೆದು ಮರಳಿದರೆ ಹೊಸ ಕಂಪನಿ ಹಳೆಯ ಕಂಪನಿಯ ನೇಮಕಾತಿ ಖರ್ಚನ್ನು ತುಂಬಿಕೊಡಬೇಕು. ಈ ನಿಯಮಗಳನ್ನೇ ಪಾಲಿಸದೆ ದೇಶ ಬಿಟ್ಟರೆ ಒಂದು ವರ್ಷ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಕೆಲವು ವರ್ಗದವರಿಗೆ ಸಚಿವಾಲಯದ ವಿನಾಯಿತಿ ಇದೆ. ನಿಮಗೆ ಅನ್ವಯಿಸುತ್ತದೆಯೆ ಎಂದು 600590000ಕ್ಕೆ ಕರೆ ಮಾಡಿ ಕೇಳಿ.

‘ವೀಸಾಗೆ ಖರ್ಚು ಮಾಡಿದ ಹಣ ಕಟ್ಟಿ, ಆಮೇಲೆ ಬಿಡುತ್ತೇವೆ’ ಎನ್ನುತ್ತಿದ್ದಾರೆ. ಕೊಡಬೇಕೆ?

ಕೊಡಬೇಕಿಲ್ಲ. ಕಾನೂನಿನ 6ನೇ ವಿಧಿ ಸ್ಪಷ್ಟವಾಗಿದೆ: ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ನೇರವಾಗಿಯೂ ಸುತ್ತುಬಳಸಿಯೂ ವಸೂಲು ಮಾಡುವಂತಿಲ್ಲ. ವೀಸಾ ಶುಲ್ಕ, ಮೆಡಿಕಲ್, ಎಮಿರೇಟ್ಸ್ ಐಡಿ ಎಲ್ಲವೂ ಇದರಲ್ಲಿ ಬಂತು. ಪ್ರೊಬೇಷನ್‌ನಲ್ಲಿ ಬೇರೆ ಕಂಪನಿಗೆ ಹೋದರೆ ಹಳೆಯ ಕಂಪನಿಗೆ ನೇಮಕಾತಿ ಖರ್ಚು ಸಿಗಬೇಕು ಎಂದು 9ನೇ ವಿಧಿ ಹೇಳುವುದು ಹೌದು, ಆದರೆ ಅದನ್ನು ಕೊಡಬೇಕಾದವರು ಹೊಸ ಕಂಪನಿಯವರು. ಬೇರೆ ರೀತಿ ಒಪ್ಪಂದವಿದ್ದರೆ ಮಾತ್ರ ಬೇರೆ.

ಹಾಗಾಗಿ ಹೊಸ ಕಂಪನಿಯ ಆಫರ್ ಒಪ್ಪುವ ಮೊದಲೇ ‘ಹಳೆಯ ಕಂಪನಿ ನೇಮಕಾತಿ ಖರ್ಚು ಕೇಳಿದರೆ ನೀವು ಕಟ್ಟುತ್ತೀರಾ’ ಎಂದು ಇಮೇಲ್‌ನಲ್ಲಿ ಕೇಳಿ ಉತ್ತರ ಪಡೆಯಿರಿ. ಈ ಪ್ರಶ್ನೆ ಕೇಳಲು ಸಂಕೋಚ ಪಟ್ಟವರೇ ಕೊನೆಗೆ ತಮ್ಮ ಜೇಬಿನಿಂದ ಕಟ್ಟುತ್ತಾರೆ. ಹಳೆಯ ಕಂಪನಿಯವರು ನಗದು ಕೇಳಿ, ರಸೀದಿ ಕೊಡುವುದಿಲ್ಲ ಎಂದರೆ ಒಂದು ದಿರ್ಹಮ್ಮನ್ನೂ ಕೊಡಬೇಡಿ.

ಹೊಸ ಕಂಪನಿ ‘ವೀಸಾ ಆಮೇಲೆ ಆಗುತ್ತದೆ, ನಾಳೆಯಿಂದಲೇ ಬನ್ನಿ’ ಎನ್ನುತ್ತಿದೆ. ಹೋಗಬಹುದೆ?

ಬೇಡ. ಟ್ರಯಲ್ ಎಂದರೂ ಬೇಡ, ಅರ್ಧ ದಿನವಾದರೂ ಬೇಡ. ನಿಮ್ಮ ಹೆಸರಿನಲ್ಲಿ ಆ ಕಂಪನಿಯ ವರ್ಕ್ ಪರ್ಮಿಟ್ ಇಲ್ಲದೆ ಅಲ್ಲಿ ಕೆಲಸ ಮಾಡುವುದು ಅಪರಾಧ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡ ಕಂಪನಿಗೆ 2024ರ ತಿದ್ದುಪಡಿಯ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಂಪನಿ ದಂಡ ಕಟ್ಟಿ ಮುಂದುವರಿಯಬಹುದು, ಆದರೆ ದೇಶ ಬಿಡಬೇಕಾಗಿ ಬರುವುದು ನಿಮಗೆ. ಅಂಥ ಕಡೆ ಕೈಗೆ ಪೆಟ್ಟಾದರೆ, ಸಂಬಳ ಬರದಿದ್ದರೆ ಹೇಳಿಕೊಳ್ಳಲು ಕಾಗದವೂ ಇರುವುದಿಲ್ಲ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದಕ್ಕೂ ಇದೇ ಉತ್ತರ.

ಪಾಸ್‌ಪೋರ್ಟ್ ಕಂಪನಿಯ ಹತ್ತಿರ ಇದೆ.

ವೀಸಾ ಕೆಲಸಕ್ಕೆಂದು ಒಂದೆರಡು ದಿನ ತೆಗೆದುಕೊಂಡು ವಾಪಸ್ ಕೊಡುವುದು ಬೇರೆ, ಬೀರುವಿನಲ್ಲಿ ಇಟ್ಟುಕೊಳ್ಳುವುದು ಬೇರೆ. ಕೆಲಸಗಾರರ ಅಧಿಕೃತ ದಾಖಲೆಗಳನ್ನು ಕಂಪನಿ ತನ್ನ ಬಳಿ ತಡೆದಿಟ್ಟುಕೊಳ್ಳುವಂತಿಲ್ಲ ಎಂದು 13ನೇ ವಿಧಿ ಹೇಳುತ್ತದೆ. ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮೊಹ್ರೆಗೆ ದೂರು ಕೊಡಿ, ಭಾರತೀಯ ಕಾನ್ಸುಲೇಟ್‌ಗೂ ತಿಳಿಸಿ. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟಗಳ ಫೋಟೋ ಯಾವಾಗಲೂ ನಿಮ್ಮ ಫೋನಿನಲ್ಲೂ ಊರಿನ ಒಬ್ಬರ ಫೋನಿನಲ್ಲೂ ಇರಲಿ.

ಅಬ್‌ಸ್ಕಾಂಡಿಂಗ್ ಹಾಕುತ್ತೇವೆ ಎಂದು ಹೆದರಿಸುತ್ತಾರೆ. ನಿಜವಾಗಿ ಏನದು?

ಕೆಲಸಗಾರ ಸತತ 7 ದಿನಕ್ಕೂ ಹೆಚ್ಚು ಕಾಲ ಕಾರಣವಿಲ್ಲದೆ ಬಾರದೆ, ಎಲ್ಲಿದ್ದಾನೆಂದೂ ತಿಳಿಯದಿದ್ದರೆ ಕಂಪನಿ ಸಚಿವಾಲಯಕ್ಕೆ ಕೊಡುವ ವರದಿ ಅದು. ಸರಿಯಾದ ಕಾರಣವಿಲ್ಲದೆ ಕೆಲಸ ಬಿಟ್ಟು ಹೋದದ್ದು ಹೌದಾದರೆ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ. ನೋಟಿಸ್ ಕೊಟ್ಟು, ನೋಟಿಸ್ ದಿನಗಳಲ್ಲಿ ಕೆಲಸಕ್ಕೆ ಬರುತ್ತಿರುವವರ ಮೇಲೆ ಇದು ನಿಲ್ಲುವುದಿಲ್ಲ.

ಆದ್ದರಿಂದ ನೀವಿದ್ದೀರಿ ಎಂಬುದಕ್ಕೆ ಗುರುತು ಉಳಿಸಿ. ಮ್ಯಾನೇಜರ್ ‘ನಾಳೆಯಿಂದ ಬರಬೇಡ’ ಎಂದು ಬಾಯಲ್ಲಿ ಹೇಳಿದರೆ ಅದೇ ದಿನ ಇಮೇಲ್ ಹಾಕಿ: ‘ಇಂದು ನೀವು ನಾಳೆಯಿಂದ ಬರಬೇಡ ಎಂದಿರಿ. ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ಕಂಪನಿಯ ರೂಮಿನಲ್ಲೇ ಇದ್ದೇನೆ, ನನ್ನ ಫೋನ್ ನಂಬರು ಇದು.’ ಬಾಯಿಮಾತಿಗೆ ಮನೆಯಲ್ಲಿ ಕೂತು ಎಂಟನೇ ದಿನ ವರದಿ ಬಿದ್ದ ಮೇಲೆ ‘ಅವರೇ ಬರಬೇಡ ಅಂದರು’ ಎಂದರೆ ಸಾಬೀತು ಮಾಡುವುದು ಕಷ್ಟ. ಸುಳ್ಳು ವರದಿಯಾಗಿದ್ದರೆ ಅದರ ವಿರುದ್ಧ ಮೊಹ್ರೆಯಲ್ಲಿ ದೂರು ಕೊಡಬಹುದು. ತಡಮಾಡಬೇಡಿ.

ಆಫರ್ ಲೆಟರ್‌ನಲ್ಲಿ ಒಂದು ಕೆಲಸ, ಇಲ್ಲಿ ಮಾಡಿಸುತ್ತಿರುವುದು ಇನ್ನೊಂದು. ಆಗಲೂ ಒಂದು ತಿಂಗಳ ನೋಟಿಸ್ ಬೇಕೆ?

ಆಗ ನಿಮ್ಮ ಪಕ್ಷ ಗಟ್ಟಿಯಾಗಿದೆ. ಕಾಂಟ್ರಾಕ್ಟ್ ಆಫರ್ ಲೆಟರ್‌ಗೆ ಹೊಂದಿಕೆಯಾಗಬೇಕು. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಮೂಲಭೂತವಾಗಿ ಬೇರೆಯದೇ ಕೆಲಸ ಮಾಡಿಸಿದರೆ 45ನೇ ವಿಧಿಯಡಿ ನೋಟಿಸ್ ಇಲ್ಲದೆ ಬಿಡುವ ಹಕ್ಕಿದೆ. ಸಂಬಳ ಕೊಡದಿರುವಂಥ ಕರಾರು ಉಲ್ಲಂಘನೆಯಾದರೆ, ಬಿಡುವ 14 ಕೆಲಸದ ದಿನಗಳ ಮೊದಲು ಸಚಿವಾಲಯಕ್ಕೆ ತಿಳಿಸಬೇಕು. ಆಗಲೂ ಕಂಪನಿ ಸರಿಪಡಿಸದಿದ್ದರೆ ಹೊರಬರಬಹುದು. ಯಾವುದೇ ಕಾರಣಕ್ಕಾದರೂ ಮೊದಲು ದೂರು, ಆಮೇಲೆ ಬಿಡುವುದು ಎಂಬ ಕ್ರಮ ಕ್ಷೇಮ.

ಇದಕ್ಕೆಲ್ಲ ಆಧಾರ ಆಫರ್ ಲೆಟರ್‌ನಲ್ಲಿ ಏನಿದೆ ಎಂಬುದು. ಅದು ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಸಿಗುತ್ತದೆ. ಸಚಿವಾಲಯದ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು, ಉರ್ದು ಇವೆ, ಕನ್ನಡ ಇಲ್ಲ. ನಮ್ಮವರು ತಿಳಿಯದ ಭಾಷೆಯ ಹಾಳೆಗೆ ಸಹಿ ಹಾಕಿ ಮೋಸ ಹೋಗುವುದು ಇದರಿಂದಲೇ. ಹುದ್ದೆಯ ಹೆಸರು, ಬೇಸಿಕ್ ಸಂಬಳ, ಭತ್ಯೆ, ಪ್ರೊಬೇಷನ್, ನೋಟಿಸ್ ದಿನಗಳು, ಈ ಐದನ್ನು ತಿಳಿದವರಿಂದ ಓದಿಸಿ ಕೇಳದೆ ಸಹಿ ಹಾಕಬೇಡಿ. ಬೇಸಿಕ್ ಕಡಿಮೆ ಮಾಡಿ ಭತ್ಯೆ ಹೆಚ್ಚು ತೋರಿಸಿದ್ದರೆ ಗ್ರಾಚ್ಯುಟಿ ಲೆಕ್ಕದಲ್ಲಿ ಕೈಕಚ್ಚುತ್ತದೆ, ಏಕೆಂದರೆ ಆ ಲೆಕ್ಕ ಬೇಸಿಕ್ ಮೇಲೆಯೇ.

ಕ್ಯಾನ್ಸಲೇಷನ್ ಕಾಗದಕ್ಕೆ ಸಹಿ ಹಾಕುವಾಗ ಏನು ನೋಡಬೇಕು?

ಆ ಹಾಳೆಯಲ್ಲಿ ಸಾಮಾನ್ಯವಾಗಿ ‘ನನ್ನ ಬಾಕಿಯೆಲ್ಲ ಸಂದಿದೆ’ ಎಂಬ ಅರ್ಥದ ಒಂದು ವಾಕ್ಯ ಇರುತ್ತದೆ. ಹಣ ಕೈಗೆ ಅಥವಾ ಖಾತೆಗೆ ಬರುವ ಮೊದಲು ಸಹಿ ಬಿದ್ದರೆ ಆಮೇಲೆ ಕೇಳುವುದು ಕಷ್ಟ. ಕೆಲಸ ಮಾಡಿದ ದಿನಗಳ ಸಂಬಳ ಎರಡೇ ವಾರದ್ದಾದರೂ ನಿಮ್ಮದೇ. ವೀಸಾ ಆಗಿರಲಿಲ್ಲ ಎಂಬುದು ಸಂಬಳ ಕೊಡದಿರಲು ಕಾರಣವಲ್ಲ. ರದ್ದತಿಯ ಕಾರಣದ ಕಡೆಯೂ ಕಣ್ಣು ಹಾಯಿಸಿ, ಹೆಸರು ಮತ್ತು ಪಾಸ್‌ಪೋರ್ಟ್ ನಂಬರಿನಲ್ಲಿ ಅಕ್ಷರ ತಪ್ಪಿದೆಯೆ ನೋಡಿ. ಒಂದು ಅಂಕಿ ತಪ್ಪಾದರೂ ಹೊಸ ಅರ್ಜಿಗೆ ಅಡ್ಡಿಯಾಗುತ್ತದೆ. ಫೋಟೋ ತೆಗೆದುಕೊಳ್ಳದೆ ವಾಪಸ್ ಕೊಡಬೇಡಿ.

ಹೊಸ ಕಂಪನಿ ಹಳೆಯದರ ಎದುರಾಳಿ. ತೊಂದರೆಯಾಗುತ್ತದೆಯೆ?

ಕಾಂಟ್ರಾಕ್ಟ್‌ನಲ್ಲಿ ಪೈಪೋಟಿ ನಿಷೇಧದ ಷರತ್ತು ಇದ್ದರೆ ಮಾತ್ರ. ಅದಕ್ಕೂ ಮಿತಿಯಿದೆ: ಹೆಚ್ಚೆಂದರೆ 2 ವರ್ಷ, ಅದೂ ಜಾಗ ಮತ್ತು ಕೆಲಸದ ಬಗೆಯನ್ನು ನಿರ್ದಿಷ್ಟವಾಗಿ ಹೇಳಿರಬೇಕು.

ನೋಟಿಸ್ ಮುಗಿದು ವಾರಗಳಾದರೂ ಕಂಪನಿ ರದ್ದು ಮಾಡುತ್ತಿಲ್ಲ. ಮುಂದೇನು?

ಮೊಹ್ರೆಯ ಆ್ಯಪ್‌ನಲ್ಲಿ ಅಥವಾ 80084ಕ್ಕೆ ಕರೆ ಮಾಡಿ ದೂರು ದಾಖಲಿಸಿ. ರಾಜೀನಾಮೆಯ ಇಮೇಲ್, ಆಫರ್ ಲೆಟರ್, ಎಂಟ್ರಿ ಪರ್ಮಿಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧವಿರಲಿ. ಸಚಿವಾಲಯ ಮೊದಲು ಇಬ್ಬರನ್ನೂ ಕರೆದು ರಾಜಿಗೆ ಪ್ರಯತ್ನಿಸುತ್ತದೆ. 2024ರಿಂದ 50,000 ದಿರ್ಹಮ್‌ವರೆಗಿನ ತಕರಾರುಗಳಲ್ಲಿ ಸಚಿವಾಲಯವೇ ತೀರ್ಪು ಕೊಡಬಲ್ಲದು. ಅದಕ್ಕಿಂತ ಹೆಚ್ಚಿನದು ಕೋರ್ಟಿಗೆ ಹೋಗುತ್ತದೆ, 1 ಲಕ್ಷ ದಿರ್ಹಮ್‌ವರೆಗಿನ ಬೇಡಿಕೆಗೆ ಕೆಲಸಗಾರರು ಕೋರ್ಟ್ ಶುಲ್ಕ ಕಟ್ಟಬೇಕಿಲ್ಲ. ದೂರು ದಾಖಲಾದ ನಂಬರನ್ನು ಹೊಸ ಕಂಪನಿಗೂ ಕಳಿಸಿ. ನೀವು ಸುಮ್ಮನೆ ಕೂತಿಲ್ಲ ಎಂದು ಗೊತ್ತಾದರೆ ಅವರೂ ಕಾಯಲು ಒಪ್ಪುವ ಸಾಧ್ಯತೆ ಹೆಚ್ಚು.

ಭಾರತದ ಕಡೆಯಿಂದ ನೆರವು ಬೇಕಿದ್ದರೆ ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಕರೆಯ ನಂಬರು 800 46342. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ನಿಮ್ಮ ಪರವಾಗಿ ದೂರು ಹಾಕಬಹುದು. ಹಾಕುವಾಗ ಪಾಸ್‌ಪೋರ್ಟ್ ನಂಬರು, ಯುಐಡಿ, ಕಂಪನಿಯ ಹೆಸರು, ಮೊಹ್ರೆ ದೂರಿನ ನಂಬರು ಒಟ್ಟಿಗೆ ಕೊಡಲಿ. ಇವುಗಳಲ್ಲಿ ಒಂದಿಲ್ಲದಿದ್ದರೂ ಮೊದಲ ಉತ್ತರ ‘ವಿವರ ಕಳಿಸಿ’ ಎಂದೇ ಬರುತ್ತದೆ, ಅಷ್ಟರಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಬೆಳೆಯುತ್ತಿರುತ್ತದೆ.